ಟೀಚರಮ್ಮನ ಜ್ವರ

ನಮ್ಮ ನೆಂಟರ ಮದುವೆಗಳಲ್ಲಿ ಊಟದ ಸಾಲಿಗೆ ಕಾಯುವಾಗ ಹೆಂಗಸರು ತಂತಮ್ಮ ಕಾಯಿಲೆಗಳ ವಿಷಯ ತೆಗೆಯುತ್ತಾರೆ. ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಥೈರಾಯ್ಡ್. ಒಡವೆ ತೋರಿಸುವಷ್ಟೇ ಹೆಮ್ಮೆಯಿಂದ ಮಾತ್ರೆಗಳ ಹೆಸರು ಹೇಳುತ್ತಾರೆ. ನನ್ನ ಸರದಿ ಬಂದಾಗ ನಾನು ಎಲೆ ಹಾಕಿದರೇನೋ ನೋಡಿ ಬರುತ್ತೇನೆ ಎಂದು ಎದ್ದುಬಿಡುತ್ತೇನೆ. ನನಗೆ ಬಂದ ಕಾಯಿಲೆಗೆ ಹೇಳಿಕೊಳ್ಳಲು ಒಂದು ಹೆಸರಿಲ್ಲ. ಅದನ್ನು ಕಂಡುಹಿಡಿದವರು ಕೆಲವು ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಜೋಡಿಸಿ ಇಟ್ಟಿದ್ದಾರೆ, ಅದು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಊರಿನವರು ಇಟ್ಟ ಹೆಸರು ಬೇರೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ರಿಪೋರ್ಟುಗಳೆಲ್ಲ ನೆಗೆಟಿವ್ ಬಂದು ಮೈ ಮಾತ್ರ ಬೇಯುತ್ತಿರುವವರು ಇನ್ನೂ ಎಲ್ಲೆಲ್ಲಿ ಕೂತಿದ್ದಾರೋ ಗೊತ್ತಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಹೇಳುವಷ್ಟು ಧೈರ್ಯ ನನಗೇ ಇಲ್ಲ. ಇನ್ನೊಬ್ಬಳು ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದಾಳೆ ಎಂದು ತಿಳಿದರೆ ಸಾಕು.

ನಾನು ಸೂಲಿಬೆಲೆ ಹೋಬಳಿಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುವವಳು. ಹೆಸರು ಸರೋಜ, ಆದರೆ ಊರಿಗೆಲ್ಲ ಟೀಚರಮ್ಮ. ಬಸುರಿಯರ ತೂಕ ನೋಡುವುದು, ಮೊಟ್ಟೆ ಬೇಡ ಅನ್ನುವವರನ್ನು ಬೈದು ತಿನ್ನಿಸುವುದು, ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರನ್ನು ಹಿಡಿಯುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ಯಾರು ಏನು ಕೇಳಿದರೂ ನನ್ನ ಹತ್ತಿರ ಉತ್ತರ ಇರುತ್ತಿತ್ತು, ಇಲ್ಲದಿದ್ದರೂ ಇದ್ದ ಹಾಗೆ ಹೇಳುತ್ತಿದ್ದೆ. ಯಜಮಾನರು ನಾರಾಯಣಸ್ವಾಮಿ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಮನೆಯಲ್ಲಿ ಅತ್ತೆ ಮುನಿಯಮ್ಮ ಇದ್ದಾರೆ, ಎರಡು ಸೀಮೆ ಹಸುಗಳಿವೆ. ಹಣೆಯ ಮೇಲೆ ಬಿಳಿ ಮಚ್ಚೆ ಇರುವವಳು ಚುಕ್ಕಿ. ಒಬ್ಬಳೇ ಮಗಳು ಆಶಾ, ಅವಳನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಮಂಜುನಾಥ್ ಸೋಂಪುರದ ಕಾರ್ಖಾನೆಯೊಂದಕ್ಕೆ ಹೋಗುತ್ತಾರೆ.

ಹಸು ಸಾಕಿದ ಮನೆಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರಿಗೆ ಒಂದು ಕೆಲಸ ಇರುತ್ತದೆ. ಅದನ್ನು ಕೆಲಸ ಎಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಕೊಟ್ಟಿಗೆಯಲ್ಲಿ ಕೂತು, ಹಸುವಿನ ಮೈಗೆ ಅಂಟಿಕೊಂಡು ರಕ್ತ ಕುಡಿಯುವ ಉಣ್ಣೆಗಳನ್ನು ಕೈಯಿಂದ ಕೀಳುವುದು. ಕಿವಿಯ ಒಳಗೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಹಿಂದೆ, ಬಾಲದ ಬುಡದಲ್ಲಿ ಹುಡುಕಬೇಕು. ಹಸು ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತದೆ. ಊರಿನ ಸುದ್ದಿಯೆಲ್ಲ ಆಗುವುದು ಅಲ್ಲೇ. ಕಿತ್ತ ಉಣ್ಣೆಯನ್ನು ನಮ್ಮತ್ತೆ ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಟಪ್ ಎನ್ನಿಸಿ, ರಕ್ತ ಚಿಮ್ಮಿದರೆ ಸೆರಗಿಗೆ ಒರೆಸಿಕೊಳ್ಳುತ್ತಾರೆ. ನಾನು ಕಲಿತದ್ದೂ ಹಾಗೇ. ಡಾಕ್ಟರು ಕೊಡುವ ಔಷಧಿ ಇದೆ, ಹಾಕುತ್ತೇವೆ ಕೂಡ. ಆದರೂ ಕೈಯಿಂದ ಕಿತ್ತು ಉಗುರಿನಲ್ಲಿ ಕುಕ್ಕಿದರೇ ನಮಗೆ ಸಮಾಧಾನ.

ಆ ಸಲ ಚುಕ್ಕಿ ಗಬ್ಬವಾಗಿದ್ದಳು. ಅದೇ ಹೊತ್ತಿಗೆ ಆಶಾ ಸೀಮಂತ ಮುಗಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಒಳಗೆ ಕೂತು ಕೂತು ಬೇಜಾರಾದಾಗ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೊಟ್ಟಿಗೆಗೆ ಬರುತ್ತಿದ್ದಳು. “ನಾನೂ ಇವ್ಳೂ ಒಂದೇ ಸಮ ಕಣಜ್ಜಿ, ಯಾರ್ ಮೊದ್ಲು ಹೆರ್ತೀವೋ ನೋಡಣ” ಎಂದು ನಗುತ್ತಾ ಚುಕ್ಕಿಯ ಕಿವಿ ಮಡಚಿ ಉಣ್ಣೆ ಕಿತ್ತು, ಅಜ್ಜಿಯ ಹಾಗೆಯೇ ಉಗುರಿನಲ್ಲಿ ಕುಕ್ಕುತ್ತಿದ್ದಳು. ಮೊಮ್ಮಗಳ ಕೈ ಚುರುಕು ನೋಡಿ ಅತ್ತೆಗೆ ಖುಷಿ. ಕಾಲು ಊದಿಕೊಂಡಿರುವ ಮಗಳು ಎರಡು ಗಳಿಗೆ ನಗುತ್ತಾಳಲ್ಲ ಎಂದು ನನಗೂ ಖುಷಿ.

ಒಂದು ಬೆಳಗ್ಗೆ ಚುಕ್ಕಿ ಮೇವು ಮುಟ್ಟಲಿಲ್ಲ. ಮೂತಿ ಒಣಗಿತ್ತು, ಮೈ ಕಾದಿತ್ತು. ನಮ್ಮ ಕಡೆಯ ಹಳ್ಳಿಗಳಿಗೆಲ್ಲ ಬರುವ ಪಶುವೈದ್ಯರು ಇಮ್ತಿಯಾಜ್ ಡಾಕ್ಟರು, ಹೊಸಕೋಟೆಯವರು. ಬಂದು ಇಂಜೆಕ್ಷನ್ ಕೊಟ್ಟರು, ಮತ್ತೆ ಬಂದು ನೋಡಿದರು. ಜ್ವರ ಇಳಿಯಿತು ಎನ್ನುವಷ್ಟರಲ್ಲಿ ಚುಕ್ಕಿ ಕಂದು ಹಾಕಿದಳು. ದಿನ ತುಂಬದ, ಕೂದಲು ಸರಿಯಾಗಿ ಬಂದಿರದ ಕರು. ಅತ್ತೆ ಗೋಣಿಚೀಲ ತಂದು ಮುಚ್ಚುವ ಮೊದಲೇ ಆಶಾ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡಿ ಒಳಗೆ ಹೋದಳು.

ನಮ್ಮ ಬೀದಿಯಲ್ಲೇ ಇನ್ನೂ ಎರಡು ಮನೆಯ ಹಸುಗಳಿಗೆ ಹಾಗೇ ಆಯಿತು. ಹಸುಗಳಿಗೆ ಕಂದು ಹಾಕುವ ರೋಗ ಅಂತಲೇ ಒಂದಿದೆ, ಇಮ್ತಿಯಾಜ್ ಡಾಕ್ಟರು ಮೊದಲು ಅದನ್ನೇ ಅನುಮಾನಿಸಿದರು. ಪರೀಕ್ಷೆ ಮಾಡಿಸಿದರೆ ಅದಲ್ಲ. ಆಗ ಅವರು ಹಸುಗಳ ರಕ್ತವನ್ನೂ, ಮೈಮೇಲಿನ ಉಣ್ಣೆಗಳನ್ನೂ ಸಣ್ಣ ಸಣ್ಣ ಸೀಸೆಗಳಲ್ಲಿ ಹಾಕಿ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದರು. ಉಣ್ಣೆ ಹಿಡಿದುಕೊಂಡು ಹೋಗಿ ಏನು ಮಾಡುತ್ತಾರೆ ಎಂದು ಅತ್ತೆ ಬಾಯಿಗೆ ಸೆರಗಿಟ್ಟು ನಕ್ಕರು. ನಾನೂ ನಕ್ಕೆ.

ಅದಾದ ಕೆಲವೇ ದಿನಕ್ಕೆ ನನಗೆ ಜ್ವರ ಬಂತು. ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದೇ ಗೋಡೆಗೆ ಒರಗಿದೆ. ಕಣ್ಣುಗುಡ್ಡೆಯ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ ನೋವು. ಸೂಲಿಬೆಲೆಯ ಕ್ಲಿನಿಕ್ಕಿನಲ್ಲಿ ವೈರಲ್ ಎಂದು ಮಾತ್ರೆ ಕೊಟ್ಟರು. ಜ್ವರ ಮಾತ್ರೆಗೆ ಇಳಿದು, ಮಾತ್ರೆಯ ಹೊತ್ತು ಮುಗಿದ ಮೇಲೆ ಮತ್ತೆ ಏರುತ್ತಿತ್ತು. ಕೈಕಾಲಿನ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಎದ್ದವು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಯಜಮಾನರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಬೀಳದ ಹಾಗೆ ನನ್ನ ಸೆರಗನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಹೊಸಕೋಟೆಯ ಆಸ್ಪತ್ರೆಗೆ ಕರೆದೊಯ್ದರು.

ಆ ಆಸ್ಪತ್ರೆಯ ಮುಂದಿನ ಹಜಾರ ನನಗೆ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಒಂದಕ್ಕೊಂದು ಅಂಟಿಸಿದ ಕಬ್ಬಿಣದ ಕುರ್ಚಿಗಳು. ಕೊನೆಯವನು ಕಾಲು ಅಲ್ಲಾಡಿಸಿದರೆ ಈ ತುದಿಯವರ ತಲೆ ನೋಯುತ್ತಿತ್ತು. ಗೋಡೆಯ ಮೇಲಿನ ಟೀವಿಗೆ ಸದ್ದಿಲ್ಲ, ಅದರಲ್ಲಿ ಯಾರೋ ಕೇಕು ಮಾಡುತ್ತಿದ್ದರು. ಡೆಂಗಿ ನೋಡಿದರು, ಇಲ್ಲ. ಟೈಫಾಯ್ಡ್ ಇಲ್ಲ, ಚಿಕುನ್‌ಗುನ್ಯಾ ಇಲ್ಲ, ಇಲಿ ಜ್ವರವೂ ಇಲ್ಲ. ಪ್ರತಿ ಸಲ ಯಜಮಾನರು ಕಾಗದ ಹಿಡಿದು ಬಂದು “ಅದೂ ಇಲ್ವಂತೆ ಕಣೇ” ಎಂದು ಸಂತೋಷದಿಂದ ಹೇಳುತ್ತಿದ್ದರು. ನಾಲ್ಕೈದು ಕಾಗದ ಆದ ಮೇಲೆ ಅವರ ಸಂತೋಷ ನಿಂತುಹೋಯಿತು. ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಲೇ ಇತ್ತು. ನನ್ನನ್ನು ಒಳಗೆ ಸೇರಿಸಿಕೊಂಡರು.

ಯಜಮಾನರು ಹೆದರಿದರೆ ಜಗಳಕ್ಕೆ ನಿಲ್ಲುವ ಜಾತಿ. ಕ್ಯಾಂಟೀನಿನವನ ಹತ್ತಿರ ಕಾಫಿ ನೀರಾಗಿದೆ ಎಂದು ಜಗಳ, ಲಿಫ್ಟಿನವನ ಹತ್ತಿರ ಜಗಳ. ನನ್ನ ಮಂಚದ ಹತ್ತಿರ ಬಂದರೆ ಮಾತ್ರ ಹೊದಿಕೆಯ ಅಂಚು ಸರಿಮಾಡುತ್ತಾ ನಿಲ್ಲುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ, ಆಶಾ ಹೇಗಿದ್ದಾಳೆ, ಮೈ ಬಿಸಿ ಇದೆಯಾ, ಹೊಟ್ಟೆಯಲ್ಲಿ ಮಗು ಆಡುತ್ತಿದೆಯಾ. ಯಾಕೆ ಹಾಗೆ ಕೇಳುತ್ತಿದ್ದೆ ಎಂದರೆ, ಗೋಣಿಚೀಲದ ಕೆಳಗಿದ್ದ ಆ ಕರು ಜ್ವರದ ನಡುವೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಇದ್ದರು. ಅವರನ್ನು ನೋಡಿಕೊಳ್ಳಲು ಬರುತ್ತಿದ್ದ ಸೊಸೆ ಹೊಸಕೋಟೆ ಪೇಟೆಯವಳು, ಮನೆಯಲ್ಲಿ ಉರ್ದು ಮಾತಾಡುವವರು. ನನ್ನ ತಲೆ ಜಡೆಗಟ್ಟಿದ್ದು ನೋಡಿ ಒಂದು ಮಧ್ಯಾಹ್ನ ಕೇಳದೆಯೇ ಬಾಚಣಿಗೆ ತಂದು ಹಿಂದೆ ಕೂತಳು. ನೋಯಬಾರದು ಎಂದು ಬುಡವನ್ನು ಒಂದು ಕೈಯಲ್ಲಿ ಹಿಡಿದು ತುದಿಯಿಂದ ಸಿಕ್ಕು ಬಿಡಿಸಿದಳು. ನನಗೆ ಬಂದದ್ದು ಇಂಥದ್ದು ಅಂತ ಯಾರಿಗೂ ಗೊತ್ತಾಗುತ್ತಿಲ್ಲ ಎಂದು ನಾನು ಅಳುವ ಹಾಗೆ ಹೇಳಿದೆ. “ಹೆಸ್ರು ಇಟ್ಕೊಂಡು ಏನ್ ಮಾಡ್ತೀರಾ ಅಕ್ಕ, ಹೋದ್ರೆ ಸಾಕಲ್ವಾ” ಎಂದಳು. ಅವಳ ಹೆಸರನ್ನು ಕೇಳಲು ನನಗೆ ಆ ಹೊತ್ತಿನಲ್ಲಿ ತೋಚಲಿಲ್ಲ.

ಒಂದು ದಿನ ಇಮ್ತಿಯಾಜ್ ಡಾಕ್ಟರು ವಾರ್ಡಿಗೆ ಬಂದರು. ಚುಕ್ಕಿಯನ್ನು ನೋಡುವ ಡಾಕ್ಟರು ನನ್ನನ್ನು ನೋಡಲು ಬಂದದ್ದು ಕಂಡು ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಇಂಜೆಕ್ಷನ್ ಕೊಡುವ ಮೊದಲು ಕಾಲು ಕಟ್ಟಿಹಾಕಿ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಚುಕ್ಕಿಯ ಮೈಮೇಲಿನ ಉಣ್ಣೆಯನ್ನು ನೀವೂ ಕೀಳುತ್ತಿದ್ದಿರಾ, ಉಗುರಿನಲ್ಲಿ ಒಡೆಯುತ್ತಿದ್ದಿರಾ, ಕೈಯಲ್ಲಿ ಗಾಯ ಇತ್ತಾ ಎಂದು ಒಂದೊಂದಾಗಿ ಕೇಳಿದರು. ಹೆಬ್ಬೆರಳ ಉಗುರಿನ ಪಕ್ಕದ ಸೀಳು ತೋರಿಸಿದೆ, ಪಾತ್ರೆ ತೊಳೆಯುವವರ ಕೈಯಲ್ಲಿ ಅದು ಇದ್ದೇ ಇರುತ್ತದೆ. ಚುಕ್ಕಿಯ ರಕ್ತದಲ್ಲಿ ಪ್ರಯೋಗಾಲಯದವರಿಗೆ ಏನೋ ಸಿಕ್ಕಿದೆಯಂತೆ, ಅದು ಏನೆಂದು ಅವರಿಗೇ ತಿಳಿಯುತ್ತಿಲ್ಲವಂತೆ, ನನ್ನ ರಕ್ತವನ್ನೂ ನೋಡಬೇಕಂತೆ. ವಾರ್ಡಿನ ಡಾಕ್ಟರು ಒಪ್ಪಿದರು. ಅವರಿಗೂ ಬೇರೆ ದಾರಿ ಉಳಿದಿರಲಿಲ್ಲ.

ನಾನು ಕೇಳಬೇಕೆಂದಿದ್ದನ್ನು ಕೇಳಲು ಬಾಯಿ ತೆರೆದೆ. “ಆಶಾನೂ ಕೀಳ್ತಿದ್ಲು ಸಾರ್” ಎಂದೆ. ಇಮ್ತಿಯಾಜ್ ಡಾಕ್ಟರು ಎದ್ದು ನಿಂತವರು ಮತ್ತೆ ಕೂತರು.

ರಕ್ತ ತೆಗೆದುಕೊಂಡು ಹೋಗಲು ಬಂದವರು ಶೈಲಜಾ ಮೇಡಂ, ವೈರಸ್‌ಗಳ ಮೇಲೆ ಸಂಶೋಧನೆ ಮಾಡುವವರು. ಸಣ್ಣ ಆಳು, ದಪ್ಪ ಕನ್ನಡಕ, ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಅವರು ಹೋದ ಮೇಲೆ ನನ್ನ ಜ್ವರ, ಬಂದಷ್ಟೇ ಕಾರಣವಿಲ್ಲದೆ, ಇಳಿಯಿತು. ಯಾರ ಔಷಧಿಗೆ ಇಳಿಯಿತು ಎಂದು ಯಾರೂ ಹೇಳಲಿಲ್ಲ. ಕೂದಲು ಹಿಡಿ ಹಿಡಿ ಉದುರುತ್ತಿತ್ತು, ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಗೆ ಬಂದಾಗ ಆಶಾ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ತಟ್ಟೆ ಅತ್ತೆಗೆ ಕೊಟ್ಟು ದೂರ ಹೋಗು ಎಂದು ಗದರಿಸಿದೆ. ಮಗಳನ್ನು ಅಪ್ಪಿಕೊಳ್ಳದೆ ಮನೆಯೊಳಗೆ ಹೋದದ್ದು ಅದೇ ಮೊದಲು.

ಆಶಾಳ ರಕ್ತವನ್ನೂ ಆಮೇಲೆ ತೆಗೆದುಕೊಂಡರು. ಫಲಿತಾಂಶ ಹೇಳಲು ಶೈಲಜಾ ಮೇಡಂ ತಾವೇ ಊರಿಗೆ ಬಂದರು. ಕೊಟ್ಟಿಗೆ ನೋಡಬೇಕು ಎಂದರು, ಆಶಾಳ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತರು. ಚುಕ್ಕಿಯ ರಕ್ತದಲ್ಲಿ ಸಿಕ್ಕಿದ್ದು, ಉಣ್ಣೆಯ ಹೊಟ್ಟೆಯಲ್ಲಿ ಸಿಕ್ಕಿದ್ದು, ನನ್ನ ರಕ್ತದಲ್ಲಿ ಸಿಕ್ಕಿದ್ದು ಮೂರೂ ಒಂದೇ ಎಂದರು. ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುವುದು, ಅದೇನಾ ಎಂದು ಯಜಮಾನರು ಕೇಳಿದರು. ಅದಲ್ಲ, ಈವರೆಗೆ ಯಾರೂ ಬರೆದಿಟ್ಟದ್ದರಲ್ಲಿ ಯಾವುದೂ ಅಲ್ಲ, ಹೊಸದು ಎಂದರು. ಹೊಸದು ಅನ್ನುವಾಗ ಅವರ ದನಿಯಲ್ಲಿ ಸ್ವಲ್ಪ ಉತ್ಸಾಹ ಇತ್ತು, ಅದು ತಮಗೇ ಕೇಳಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಆಶಾಳಿಗೂ ಅದು ತಗುಲಿ, ಜ್ವರ ಬಾರದೆಯೇ ಹೋಗಿದೆಯಂತೆ. ಅವಳ ಮೈ ಅದರ ಜೊತೆ ಹೋರಾಡಿದ ಗುರುತು ರಕ್ತದಲ್ಲಿದೆಯಂತೆ. ನಾನು ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಅವಳಿಗೆ ಬೆನ್ನು ನೋವು ಬಂದು ಮಲಗಿದ್ದಳು, ಬಸುರಿಗೆ ಬೆನ್ನು ನೋಯದೆ ಇರುತ್ತದಾ ಎಂದು ಅತ್ತೆ ಬಿಸಿನೀರು ಹುಯ್ದಿದ್ದರು. ಅಷ್ಟೇ.

“ಚುಕ್ಕಿಗಾದಂಗೆ ಇವ್ಳಿಗೂ ಆಗುತ್ತಾ?” ಎಂದು ನಾನು ಕೇಳಿದೆ. ಆಶಾ ಅಲ್ಲೇ ಇದ್ದಳು. ಅವಳ ಎದುರಿಗೆ ಕೇಳಬಾರದಿತ್ತು, ಆದರೆ ತಡೆಯಲಾಗಲಿಲ್ಲ.

“ಗೊತ್ತಿಲ್ಲಮ್ಮ” ಎಂದರು ಮೇಡಂ.

“ಇಷ್ಟೆಲ್ಲ ಓದಿ ಗೊತ್ತಿಲ್ಲ ಅಂದ್ರೆ ಹೆಂಗೆ?”

“ಓದೋಕೆ ಯಾರಾದ್ರೂ ಮೊದ್ಲು ಬರ್ದಿರ್ಬೇಕಲ್ಲಮ್ಮ. ನಮಗೆ ಸಿಕ್ಕಿರೋರಲ್ಲಿ ನೀವೇ ಮೊದಲ್ನೆಯವ್ರು. ಬಸುರಿ ಅಂತ ನೋಡಿದ್ರೆ ಇವ್ರೇ ಮೊದಲ್ನೆಯವ್ರು. ನಿಮ್ಮನ್ನ ನೋಡೇ ನಾವು ಕಲೀಬೇಕು.”

ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದವಳು ಒಲೆ ಹಚ್ಚದೆ ನಿಂತುಬಿಟ್ಟೆ. ಸುಳ್ಳಾದರೂ ಏನೂ ಆಗುವುದಿಲ್ಲ ಎಂದು ಹೇಳಬಾರದಿತ್ತೇ? ನಾನು ಎಷ್ಟು ಬಸುರಿಯರಿಗೆ ಹಾಗೆ ಹೇಳಿದ್ದೇನೆ. ಅವರು ಮಾತ್ರ ಕೊನೆಯವರೆಗೂ ಹಾಗೆ ಹೇಳಲಿಲ್ಲ. ಇಂದು ಯೋಚಿಸಿದರೆ ಅದೇ ಸರಿ ಅನ್ನಿಸುತ್ತದೆ, ಆಗ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುವಷ್ಟು ಕೋಪ ಇತ್ತು.

ಅಳಿಯಂದಿರು ಆ ಭಾನುವಾರವೇ ಬಂದರು. ಒಳ್ಳೆಯ ಹುಡುಗ, ಎದುರು ಮಾತಾಡಿದವರಲ್ಲ. “ಅತ್ತೆ, ತಪ್ಪು ತಿಳ್ಕೋಬೇಡಿ, ಆಶಾನ ಕರ್ಕೊಂಡು ಹೋಗ್ತೀನಿ” ಎಂದರು. ಕರೆದುಕೊಂಡು ಹೋಗಿ ಎಂದೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಬಟ್ಟೆ ಕಟ್ಟುತ್ತಿರುವಾಗ ಅವರ ತಾಯಿಯ ಫೋನು ಬಂತು. ಮನೆಯಲ್ಲಿ ಇನ್ನೊಬ್ಬ ಸೊಸೆಯ ಚಿಕ್ಕ ಮಗು ಇದೆ, ಅಂಟು ಜಾಡ್ಯವೋ ಏನೋ, ಡಾಕ್ಟರು ಸರಿಯಾಗಿ ಹೇಳುವವರೆಗೂ ಅಲ್ಲೇ ಇರಲಿ ಎಂದರಂತೆ. ಒಬ್ಬರಿಂದೊಬ್ಬರಿಗೆ ಅಂಟಿದ್ದು ಕಂಡಿಲ್ಲ ಎಂದು ಮೇಡಂ ಹೇಳಿದ್ದರು, ಆದರೆ ಅಂಟುವುದಿಲ್ಲ ಎಂದು ಬರೆದುಕೊಟ್ಟಿರಲಿಲ್ಲ. ಅಳಿಯಂದಿರು ಚೀಲ ಹಿಡಿದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತರು. ಈ ಮನೆಯೂ ಬೇಡ, ಆ ಮನೆಯೂ ಬೇಡ ಎಂದಾಗ ತುಂಬಿದ ಬಸುರಿಯನ್ನು ಎಲ್ಲಿಗೆ ಕಳಿಸುವುದು?

ಕೊನೆಗೆ ಆಶಾಳೇ ಚೀಲ ಕಸಿದುಕೊಂಡು ಬಟ್ಟೆಗಳನ್ನು ಬೀರುವಿಗೆ ತುಂಬಿದಳು. ಸಂಜೆ ನಾನು ಮುಖ ತಿರುಗಿಸಿಕೊಂಡು ಅಳುತ್ತಿದ್ದಾಗ ಬಂದು ಪಕ್ಕ ಕೂತಳು. ದೂರ ಕೂರು ಎಂದೆ. ಕೇಳಲಿಲ್ಲ.

“ಬರೋದು ಬಂದು ಹೋಗಿದೆಯಂತಲ್ಲಮ್ಮ, ಇನ್ನೇನ್ ದೂರ. ನೀನೇ ಹಿಂಗ್ ಕೂತ್ರೆ ನಾನ್ ಯಾರ್ ಹತ್ರ ಹೋಗ್ಲಿ?”

ಊರಿಗೆಲ್ಲ ಬುದ್ಧಿ ಹೇಳುವ ಟೀಚರಮ್ಮ ನಾನು, ಅವಳ ಕೈ ಹಿಡಿದುಕೊಂಡು ಕೂತೆ. ಮಗು ಒದ್ದಾಗ ನನ್ನ ಅಂಗೈಯನ್ನು ಎಳೆದು ಅಲ್ಲಿಟ್ಟಳು.

ಆಮೇಲಿನ ದಿನಗಳಲ್ಲಿ ನನಗಿದ್ದ ಕೆಲಸ ಅದೊಂದೇ, ಮಗು ಆಡಿತಾ ಎಂದು ಕೇಳುವುದು. ತಿಂಡಿಗೆ ಮೊದಲು, ತಿಂಡಿಯಾದ ಮೇಲೆ. ಆಶಾ ಬೇಸತ್ತು, ಇನ್ನೊಂದು ಸಲ ಕೇಳಿದರೆ ನಿನ್ನ ಮೇಲೇ ಒದೆಯುತ್ತೆ ನೋಡು ಎನ್ನುತ್ತಿದ್ದಳು. ಸ್ಕ್ಯಾನಿಂಗಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಮಾತಾಡದೆ ಪರದೆ ನೋಡುತ್ತಿದ್ದಷ್ಟು ಹೊತ್ತು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೆಳವಣಿಗೆ ಸರಿ ಇದೆ ಎಂದರು. ಹಾಗಾದರೆ ಏನೂ ತೊಂದರೆ ಇಲ್ಲ ತಾನೇ ಎಂದು ಕೇಳಿದರೆ, ಕಾಣುವುದರಲ್ಲಿ ಇಲ್ಲ ಎಂದರು. ಆ ‘ಕಾಣುವುದರಲ್ಲಿ’ ಎನ್ನುವ ಮಾತನ್ನು ಬಸ್ಸಿನಲ್ಲಿ ಹೊಸಕೋಟೆಯವರೆಗೂ ತಲೆಯಲ್ಲಿ ಮಗುಚುತ್ತಾ ಬಂದೆ.

ಅತ್ತ ಊರಿನಲ್ಲಿ ಮೇಡಂ ಕಡೆಯವರು ಬಂದು ಉಣ್ಣೆ ಹಿಡಿಯತೊಡಗಿದರು. ಒಂದು ದೊಡ್ಡ ಬಿಳಿ ಬಟ್ಟೆಯನ್ನು ಹುಲ್ಲುಗಾವಲಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುವುದು, ಆಮೇಲೆ ಅದರ ಮೇಲೆ ಹತ್ತಿದ ಹುಳಗಳನ್ನು ಚಿಮಟದಿಂದ ಎತ್ತಿ ಸೀಸೆಗೆ ಹಾಕುವುದು. ದೇವರ ಮುಂದೆ ಮಡಿವಾಳರು ನಡೆಮಡಿ ಎಂದು ಬಟ್ಟೆ ಹಾಸುತ್ತಾರಲ್ಲ, ನೋಡಿದವರಿಗೆಲ್ಲ ಅದೇ ನೆನಪಾಯಿತು. ನಡೆಮಡಿ ಹಾಸುತ್ತಿದ್ದಾರೆ, ದೇವರು ಮಾತ್ರ ಕಾಣೆ ಎಂದು ಅರಳಿಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಗು ಬಹಳ ದಿನ ಉಳಿಯಲಿಲ್ಲ. ನಮ್ಮ ಊರಿನ ಹಾಲು ಬೇಡ ಎನ್ನುತ್ತಾರಂತೆ ಎಂದು ಯಾರೋ ಹಬ್ಬಿಸಿದರು. ಕಾಯಿಸಿ ಕುಡಿದರೆ ತೊಂದರೆ ಕಂಡಿಲ್ಲ ಎಂದು ಇಮ್ತಿಯಾಜ್ ಡಾಕ್ಟರು ಡೈರಿಯ ಮುಂದೆ ನಿಂತು ಹೇಳಬೇಕಾಯಿತು. ಊರಿನಲ್ಲಿ ಯಾರಿಗೆ ಮೈ ಬೆಚ್ಚಗಾದರೂ “ಟೀಚರಮ್ಮನ ಜ್ವರ ಇರ್ಬೇಕು, ನೋಡಿಸ್ಕೊ” ಎನ್ನುವುದು ಶುರುವಾಯಿತು. ನನ್ನ ಎದುರಿಗೇ ಅನ್ನುತ್ತಿದ್ದರು, ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ವಿಜ್ಞಾನಿಗಳು ಅಕ್ಷರ ಅಂಕಿ ಹುಡುಕುವ ಮೊದಲೇ ನಮ್ಮ ಊರು ನಾಮಕರಣ ಮುಗಿಸಿತ್ತು.

ಚುಕ್ಕಿಯನ್ನು ಮಾರಿಬಿಡಿ ಎಂದು ಹೇಳಿದವರೂ ಇದ್ದರು. ಮಾರಿದರೆ ಇನ್ನೊಬ್ಬರ ಮನೆಗೆ ಅಲ್ಲವೇ ಹೋಗುವುದು ಎಂದು ಯಜಮಾನರು ಒಪ್ಪಲಿಲ್ಲ. ನಾನು ಕೊಟ್ಟಿಗೆಯ ಕಡೆ ಹೋಗುವುದು ಬಿಟ್ಟೆ. ಮಧ್ಯಾಹ್ನವಾದರೆ ಚುಕ್ಕಿ ಕತ್ತು ಚಾಚಿ ಬಾಗಿಲ ಕಡೆ ನೋಡುತ್ತಾ ನಿಲ್ಲುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅದರ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಪಾಪ, ಅದೂ ಕಳೆದುಕೊಂಡದ್ದೇ.

ಹೆರಿಗೆ ನೋವು ಬಂದಾಗ ಅದೇ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಹೊರಗಿನ ಬೆಂಚಿನ ಮೇಲೆ ನಾನು ಒಂದು ತುದಿ, ಆಶಾಳ ಅತ್ತೆ ಇನ್ನೊಂದು ತುದಿ. ಅಂದು ಫೋನು ಮಾಡಿದ ಮೇಲೆ ನಾವಿಬ್ಬರೂ ಮುಖ ನೋಡಿರಲಿಲ್ಲ. ನಡುವೆ ಅಳಿಯಂದಿರು ಬ್ಯಾಗು ತಬ್ಬಿಕೊಂಡು ಕೂತಿದ್ದರು. ಶೈಲಜಾ ಮೇಡಂ ಕಡೆಯವರು ಐಸ್ ಡಬ್ಬಿ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಮಗುವಿನ ಬಳ್ಳಿಯ ರಕ್ತ ಬೇಕು ಎಂದು ಮೊದಲೇ ಕೇಳಿ, ಆಶಾಳ ಒಪ್ಪಿಗೆ ಪಡೆದಿದ್ದರು. ಅವರು ಒಳ್ಳೆಯವರೇ. ಆದರೂ ನನ್ನ ಮೊಮ್ಮಗು ಹುಟ್ಟುವುದನ್ನು ಡಬ್ಬಿ ಹಿಡಿದು ಕಾಯುತ್ತಿರುವವರನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ.

ಸಿಸೇರಿಯನ್ ಮಾಡಬೇಕು ಎಂದು ಒಳಗೆ ಕರೆದುಕೊಂಡು ಹೋದರು. ಕಾಯುವುದೊಂದನ್ನು ಬಿಟ್ಟು ಇನ್ನೇನೂ ಮಾಡಲಾಗದೆ ನಾನು ಚಪ್ಪಲಿ ಬಿಟ್ಟು, ಮತ್ತೆ ಹಾಕಿ, ಮತ್ತೆ ಬಿಟ್ಟೆ. ಬಾಗಿಲ ಹಿಂದೆ ಮಗು ಅತ್ತಾಗ ಅದು ನಮ್ಮದೋ ಬೇರೆಯವರದೋ ತಿಳಿಯದೆ ಎದ್ದು ನಿಂತೆ. ಆಶಾಳ ಅತ್ತೆ ಬಂದು ನನ್ನ ತೋಳು ಹಿಡಿದುಕೊಂಡರು. “ನಮ್ದೇ ಬೀಗ್ತಿ, ನಮ್ದೇ” ಎಂದರು. ಅವರಿಗೆ ಹೇಗೆ ಗೊತ್ತಾಯಿತೋ, ನರ್ಸು ಹೊರಗೆ ಬಂದು ನಮ್ಮ ಹೆಸರನ್ನೇ ಕೂಗಿದಳು. ಹೆಣ್ಣು ಮಗು. ತೂಕ ಸ್ವಲ್ಪ ಕಡಿಮೆ, ಉಳಿದಂತೆ ಕೈಕಾಲು ಬೆರಳು ಎಲ್ಲ ಸರಿಯಾಗಿದೆ ಎಂದಳು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲ್ಲೇ ಅತ್ತೆವು.

ಇಲ್ಲಿಗೆ ಕಥೆ ಮುಗಿಸಿದ್ದರೆ ಓದುವವರಿಗೂ ಸುಖ, ನನಗೂ ಸುಖ. ಆದರೆ ಬಳ್ಳಿಯ ರಕ್ತದಲ್ಲೂ ಆ ಗುರುತು ಸಿಕ್ಕಿತು. ಅದು ತಾಯಿಯಿಂದ ಬಂದ ಕಾವಲು ಇರಬಹುದು, ಹಾಗಿದ್ದರೆ ತಾನಾಗಿಯೇ ಕರಗಿಹೋಗುತ್ತದೆ, ಒಳ್ಳೆಯದೇ. ಅಥವಾ ಹೊಟ್ಟೆಯಲ್ಲಿರುವಾಗಲೇ ಮಗುವಿಗೂ ಅದು ತಗುಲಿರಬಹುದು. ಯಾವುದೆಂದು ತಿಳಿಯಲು ಮಗು ಒಂದೂವರೆ ವರ್ಷದ್ದಾಗುವವರೆಗೆ ಕಾದು ಮತ್ತೆ ರಕ್ತ ನೋಡಬೇಕು ಎಂದರು ಮೇಡಂ. ತಗುಲಿದ್ದರೆ ಏನಾಗುತ್ತದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರ ಉತ್ತರ ನನಗೆ ಗೊತ್ತೇ ಇತ್ತು. ಆ ಹೊತ್ತಿಗೆ ಅವರ ಮೇಲಿನ ಕೋಪವೂ ಸೋತುಹೋಗಿತ್ತು. ಹೋಗುವಾಗ ಮಗುವಿನ ಕಾಲು ಮುಟ್ಟಿ ನೋಡಿ ಹೋದರು.

ಮಗುವಿಗೆ ಮಾನ್ಯ ಎಂದು ಹೆಸರಿಟ್ಟಿದ್ದಾರೆ, ನಮಗೆ ಪುಟ್ಟಿ. ಸ್ವಲ್ಪ ತಡವಾಗಿ ಮಗುಚಿಕೊಂಡಳು. ನಮ್ಮ ಅಂಗನವಾಡಿಯಲ್ಲಿ ಅಷ್ಟು ತಡವಾಗಿ ಮಗುಚಿಕೊಂಡ ಮಕ್ಕಳು ಎಷ್ಟೋ ಇದ್ದಾರೆ, ಅವರ ತಾಯಂದಿರಿಗೆ ನಾನೇ ಧೈರ್ಯ ಹೇಳಿದ್ದೇನೆ. ಪುಟ್ಟಿಯ ವಿಷಯದಲ್ಲಿ ಆ ಒಂದೊಂದು ವಾರವೂ ನನಗೆ ಅನ್ನ ಸೇರಲಿಲ್ಲ. ಈಗ ನಡೆಯುತ್ತಾಳೆ, ಓಡಲು ನೋಡುತ್ತಾಳೆ, ತಾತನ ಕನ್ನಡಕ ಎಸೆಯುತ್ತಾಳೆ. ನನಗೆ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದಿದೆ, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯುತ್ತದೆ. ಇದು ಆ ಜ್ವರದ್ದೋ ವಯಸ್ಸಿನದೋ, ಅದೂ ಗೊತ್ತಿಲ್ಲ. ಚುಕ್ಕಿ ಮತ್ತೆ ಗಬ್ಬ ಕಟ್ಟಿದ್ದಾಳೆ. ಉಣ್ಣೆಯನ್ನು ಉಗುರಿನಲ್ಲಿ ಕುಕ್ಕುವುದನ್ನು ಊರಿನ ಹೆಂಗಸರೆಲ್ಲ ಬಿಟ್ಟಿದ್ದಾರೆ. ಮೇಡಂ ಕೊಟ್ಟ ಚಿಮಟದಿಂದ ಕಿತ್ತು ಸೀಸೆಗೆ ಹಾಕುತ್ತೇವೆ. ಅತ್ತೆಗೆ ಮಾತ್ರ ಆ ಟಪ್ ಸದ್ದಿಲ್ಲದೆ ಮಧ್ಯಾಹ್ನ ಸಪ್ಪೆ.

ಪುಟ್ಟಿ ಊರಿಗೆ ಬಂದಾಗಲೆಲ್ಲ ನಾನು ಸ್ನಾನಕ್ಕೆ ಮೊದಲು ಅವಳ ಮೈ ಹುಡುಕುತ್ತೇನೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ. ಹಿಂದೆ ಚುಕ್ಕಿಯ ಮೈ ಹುಡುಕುತ್ತಿದ್ದ ಅದೇ ಕ್ರಮ, ಅದೇ ಕೈ. ಪುಟ್ಟಿಗೆ ಅದು ಕಚಗುಳಿಯ ಆಟ.

ಮೊನ್ನೆ ಆಶಾ ಅವಳನ್ನು ಕರೆದುಕೊಂಡು ಬಂದಿದ್ದಳು. ಮುಂದಿನ ತಿಂಗಳು ಮೇಡಂ ರಕ್ತಕ್ಕೆ ಬರುವವರಿದ್ದಾರೆ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎಣ್ಣೆ ಹಚ್ಚುವ ಮೊದಲು ಎಂದಿನ ಹಾಗೆ ಬಚ್ಚಲ ಬಾಗಿಲಲ್ಲಿ ಕೂರಿಸಿಕೊಂಡು ಬಲಗಿವಿ ಮಡಚಿದೆ. ಹಿಂದೆ ಕಪ್ಪಗೆ, ಗುಂಡಗೆ ಒಂದು ಅಂಟಿಕೊಂಡಿತ್ತು. ಅಲ್ಲಾಡದ ಹಾಗೆ ಹಿಡಿದುಕೋ ಎಂದು ಆಶಾಳಿಗೆ ಹೇಳಿದೆ. ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು, ಮಗುವಿನ ತಲೆ ಹಿಡಿದಳು. ಗೂಡಿನಲ್ಲಿದ್ದ ಚಿಮಟ ತಂದು, ಮೇಡಂ ಹೇಳಿಕೊಟ್ಟ ಹಾಗೆ ಚರ್ಮದ ಹತ್ತಿರ ಇಟ್ಟೆ. ಹಿಡಿಯಲು ಏನೂ ಸಿಗಲಿಲ್ಲ. ಕಪ್ಪು ಒಂದು ಗೆರೆಯಾಗಿ ಕಿವಿಯ ಹಿಂದೆ ಹರಡಿತು.

“ಅದು ದೃಷ್ಟಿಬೊಟ್ಟು ಕಣೇ ಸರೋಜಾ” ಎಂದು ಅತ್ತೆ ನೀರೊಲೆಯ ಮುಂದಿನಿಂದ ಹೇಳಿದರು. “ಕೆನ್ನೆ ಮೇಲಿಟ್ರೆ ಒರಸ್ಕಂತಾಳೆ ಅಂತ ನೆನ್ನೆ ಅಲ್ಲಿಟ್ಟಿದ್ದೆ.”

ಆಶಾ ನಕ್ಕಳು. ನಗುತ್ತಾ ನಗುತ್ತಾ ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ಇದೆಲ್ಲ ಶುರುವಾದ ಮೇಲೆ ಅವಳು ನನ್ನ ಎದುರಿಗೆ ಅತ್ತದ್ದು ಅದೇ ಮೊದಲು. ಹೊಟ್ಟೆಯಲ್ಲಿ ಮಗು ಇದ್ದಾಗ ಅತ್ತಿರಲಿಲ್ಲ, ಅಳಿಯಂದಿರು ಚೀಲ ಹಿಡಿದು ಕೂತ ದಿನ ಅತ್ತಿರಲಿಲ್ಲ. ಏನೂ ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅವಳ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡು ಕೂತೆ. ಪುಟ್ಟಿ ಇದೂ ಒಂದು ಆಟ ಎಂದುಕೊಂಡು ನಮ್ಮಿಬ್ಬರ ಮೇಲೂ ಹತ್ತಿದಳು.

ಸ್ನಾನವಾಗಿ ಬಟ್ಟೆ ಹಾಕಿದ ಮೇಲೆ ಅತ್ತೆ ಕಾಡಿಗೆಯ ಡಬ್ಬಿ ತಂದರು. ಅದನ್ನು ಅವರ ಕೈಯಿಂದ ನಾನು ಇಸಿದುಕೊಂಡೆ. ನನ್ನಿಂದ ಆಗುವುದು ಇದೊಂದೇ ಇರುವಾಗ ಬೇಡ ಎನ್ನಲು ನಾನು ಯಾರು? ಬೆರಳಿಗೆ ಕಾಡಿಗೆ ಹಚ್ಚಿಕೊಂಡು, ಒರೆಸಿಕೊಂಡರೆ ಒರೆಸಿಕೊಳ್ಳಲಿ ಎಂದು ಕೆನ್ನೆಯ ಮೇಲೆ, ನನಗೆ ಕಾಣುವ ಕಡೆ ಇಟ್ಟೆ.